ಕಡಲತಡಿಯ ಗದ್ದೆಗಳೂ ಪಂಚಾಯತು ಉಮೇದುವಾರರ ಮಾತುಗಳೂ

ಕೇರಳ ರಾಜ್ಯದಲ್ಲಿ 2025ರ ಡಿಸೆಂಬರ ತಿಂಗಳಲ್ಲಿ ಗ್ರಾಮ, ಬ್ಲಾಕು, ಜಿಲ್ಲಾ ಪಂಚಾಯತುಗಳಿಗೂ ನಗರಸಭೆಗಳಿಗೂ ಚುನಾವಣೆಗಳು ಜರಗಿದವು. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಓಟು ನಡೆದುದು 11ನೇ ತಾರೀಕು ಗುರುವಾರದಂದು. ಅದಕ್ಕೆ ಮುಂಚಿನ ಕೆಲವು ವಾರ ನಮ್ಮ ಕಡಲತಡಿಯ ಹಳ್ಳಿಯಲ್ಲಿ ಯಾರ ಮನೆಯ ಅಂಗಳವೂ ಬರಿದಾಗಿ ಇರಲಿಲ್ಲ. ನಮ್ಮ ಮನೆಗೂ ಮೂವರು ಉಮೇದುವಾರರು ಬಂದರು. ಅವರು ಆಡಿದ ಮಾತುಗಳನ್ನು ನಾವು ಒಂದು ಕಾಪಿ ಪುಸ್ತಕದಲ್ಲಿ ಬರೆದಿಟ್ಟುಕೊಂಡೆವು. ಅವುಗಳಲ್ಲಿ ಪಂಚಾಯತು ಮೆಂಬರರಿಂದ ಆಗತಕ್ಕದ್ದು ಯಾವುದು, ಆಗದ್ದು ಯಾವುದು ಎಂಬುದನ್ನು ಬೇಸಾಯಗಾರರ ದೃಷ್ಟಿಯಿಂದ ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲೇ ಒಂದು ಮಾತು. ನಾವು ಶಾಲೆಯ ಉಪಾಧ್ಯಾಯರು. ಯಾವ ಪಕ್ಷದ ಪರವಾಗಿಯೂ ಮಾತಾಡತಕ್ಕವರಲ್ಲ, ಮಾತಾಡುವ ಬಯಕೆಯೂ ನಮಗಿಲ್ಲ. ಆದುದರಿಂದ ಉಮೇದುವಾರರ ಹೆಸರು, ಪಕ್ಷ, ಚಿಹ್ನೆ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಆದರೆ ಉಪಾಧ್ಯಾಯರಿಗೂ ಗದ್ದೆಯಿದೆ, ಬಾವಿಯಿದೆ. ಪ್ರಶ್ನೆ ಕೇಳಬಾರದೆಂದು ಯಾರೂ ಹೇಳಿಲ್ಲ.

ನಾವು ಪಾಠ ಕಲಿತ ಬಗೆ

ಹಿಂದಿನ ಚುನಾವಣೆ, ಅಂದರೆ 2020ರ ಡಿಸೆಂಬರದಲ್ಲಿ, ಓಟು ಕೇಳಲು ಬಂದವರೊಡನೆ ನಮ್ಮೂರಿನವರೆಲ್ಲ ಕೇಳಿದ್ದು ಒಂದೇ ಒಂದು. "ಕಡಲಿಗೆ ಕಲ್ಲಿನ ಗೋಡೆ ಕಟ್ಟಿಸಿ ಕೊಡುತ್ತೀರಾ?" ಬಂದವರೆಲ್ಲರೂ "ಖಂಡಿತ" ಎಂದರು. ನಾವೂ ತಲೆಯಾಡಿಸಿ ಓಟು ಹಾಕಿ ಬಂದೆವು.

ಆಗ ನಮ್ಮ ಬೈಲಿನ ತೋಡಿಗೆ ಕಟ್ಟಿದ್ದ ಕಿಂಡಿ ಅಣೆಕಟ್ಟಿನ ಹಲಗೆಗಳು ಲಡ್ಡಾಗಿದ್ದವು. ಅದನ್ನು ಯಾರೂ ಕೇಳಲಿಲ್ಲ. ಹಲಗೆಯ ವಿಚಾರ ದೊಡ್ಡವರ ಮುಂದೆ ಆಡುವಂಥದಲ್ಲವೆಂದು ನಮಗೆ ತೋರಿತು. 2022ರ ಮಕರ ತಿಂಗಳ ಹುಣ್ಣಿಮೆಯ ಉಬ್ಬರಕ್ಕೆ ಎರಡು ಹಲಗೆಗಳು ಕಿತ್ತು ಬಂದು ಉಪ್ಪು ನೀರು ಬೈಲಿಗೆ ನುಗ್ಗಿತು. ಸುಗ್ಗಿ ಬೆಳೆ ಹೂವಿನಲ್ಲಿತ್ತು. ಎಂಟು ದಿನದೊಳಗೆ ಎಲೆಗಳ ತುದಿ ಬೆಳ್ಳಗಾಗಿ ಒಣಗಿದವು, ತೆನೆಗಳು ಜೊಳ್ಳಾಗಿ ನಿಂತವು. ನಮ್ಮದು ಒಂದೇ ಎಕ್ರೆ. ಆದರೆ ಆ ಬೈಲನ್ನೇ ನಂಬಿದ್ದ ಮನೆಗಳು ಏಳು. ಮುಂದಿನ ವರ್ಷದ ಸುಗ್ಗಿಗೆ ಯಾರೂ ಬೀಜ ಹಾಕಲಿಲ್ಲ. ಎರಡು ಮನೆಯವರು ಬೇಸಾಯವನ್ನೇ ಬಿಟ್ಟರು.

ಆ ಹಲಗೆಗಳಿಗೂ ಜೇಡಿ ಮಣ್ಣಿಗೂ ಕೂಲಿಗೂ ತಗಲುತ್ತಿದ್ದ ಖರ್ಚು ಒಂದು ಕರೆಯುವ ಹಸುವಿನ ಬೆಲೆಗಿಂತ ಹೆಚ್ಚಿರಲಿಲ್ಲ. ಅದನ್ನು ಮಾಡಿಸುವ ಅಧಿಕಾರವೂ ಪಂಚಾಯತಿಗಿತ್ತು. ಕಲ್ಲಿನ ಗೋಡೆ ಕಟ್ಟಿಸುವ ಶಕ್ತಿ ಮಾತ್ರ ಪಂಚಾಯತಿಗೆ ಇರಲಿಲ್ಲ. ಆಗತಕ್ಕದ್ದನ್ನು ಕೇಳದೆ ಆಗದ್ದನ್ನು ಕೇಳಿದೆವು. ತಪ್ಪು ಮೆಂಬರರದು ಎಷ್ಟೋ, ನಮ್ಮದೂ ಅಷ್ಟೇ.

ಮೂರು ಬುಟ್ಟಿಗಳು

ಈ ಸಲ ನಾವು ಪ್ರಶ್ನೆಗಳನ್ನು ಮೂರು ಬುಟ್ಟಿಗಳಲ್ಲಿ ವಿಂಗಡಿಸಿಕೊಂಡೆವು. ಪಂಚಾಯತಿನ ಬುಟ್ಟಿ, ರಾಜ್ಯ ಸರಕಾರದ ಬುಟ್ಟಿ, ಕೇಂದ್ರ ಸರಕಾರದ ಬುಟ್ಟಿ.

ರಾಜ್ಯಾಂಗದ 73ನೇ ತಿದ್ದುಪಡಿಯು 1993ರ ಏಪ್ರಿಲ್ 24ರಿಂದ ಜಾರಿಗೆ ಬಂತು. ಅದನ್ನನುಸರಿಸಿ ಕೇರಳದಲ್ಲಿ 1994ರಲ್ಲಿ ಪಂಚಾಯತು ರಾಜ್ ಕಾಯಿದೆಯಾಯಿತು. 1996ರ ಆಗಸ್ಟ್ 17ರಂದು ಆರಂಭವಾದ ಜನಕೀಯ ಯೋಜನೆಯ ಕಾಲದಲ್ಲಿ ರಾಜ್ಯದ ಯೋಜನಾ ಹಣದ ನೂರಕ್ಕೆ 35ರಿಂದ 40 ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಹಂಚಲು ನಿಶ್ಚಯಿಸಿದರು. ಕೃಷಿ ಭವನ, ಪ್ರಾಥಮಿಕ ಆರೋಗ್ಯ ಕೇಂದ್ರ, ಜಾನುವಾರು ಆಸ್ಪತ್ರೆಗಳನ್ನೂ ಪಂಚಾಯತಿನ ಕೈಗೆ ಕೊಟ್ಟರು. ತೋಡು, ಕೆರೆ, ಸಣ್ಣ ನೀರಾವರಿ, ಊರಿನ ರಸ್ತೆ, ಕುಡಿಯುವ ನೀರು, ಕಟ್ಟಡದ ಪರವಾನಿಗೆ ಇವೆಲ್ಲ ಪಂಚಾಯತಿನ ಬುಟ್ಟಿಯಲ್ಲಿ ಬರುವ ಸಂಗತಿಗಳು.

ಕಡಲಕೊರೆತ ತಡೆಯುವ ಗೋಡೆ, ದೊಡ್ಡ ಅಣೆಕಟ್ಟು, ಮೀನುಗಾರಿಕೆಯ ಬಂದರು, ಕಡಲತಡಿಯಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆಯ ಕಟ್ಟಳೆ ಇವು ರಾಜ್ಯದ ಬುಟ್ಟಿಗೆ ಸೇರಿದವು. ರಾಷ್ಟ್ರೀಯ ಹೆದ್ದಾರಿ, ರೈಲು, ಕರಾವಳಿ ನಿಯಂತ್ರಣದ ಅಧಿಸೂಚನೆ ಇವು ಕೇಂದ್ರದವು. ಮೆಂಬರರು ಈ ಎರಡು ಬುಟ್ಟಿಗಳ ವಿಷಯದಲ್ಲಿ ಅರ್ಜಿ ಬರೆಯಬಹುದು, ನಿರ್ಣಯ ಮಾಡಿ ಕಳುಹಿಸಬಹುದು, ಬೆನ್ನು ಹಿಡಿಯಬಹುದು. ಅದರಿಂದಾಚೆ ಭರವಸೆ ಕೊಟ್ಟರೆ ಅದು ಇನ್ನೊಬ್ಬರ ತೋಟದ ತೆಂಗಿನಕಾಯಿಯನ್ನು ನಮಗೆ ದಾನ ಮಾಡಿದ ಹಾಗೆ.

ನಮ್ಮ ವಾರ್ಡಿನ ಮೂವರು

ಕೇರಳದ ಸ್ಥಳೀಯ ಸಂಸ್ಥೆಗಳಲ್ಲಿ 2010ರ ಚುನಾವಣೆಯಿಂದ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲು. ಈ ಸಲ ನಮ್ಮ ವಾರ್ಡು ಆ ಪಾಲಿಗೆ ಬಂದಿತ್ತು. ಒಬ್ಬರು ನಿವೃತ್ತರಾದ ಅಂಗನವಾಡಿ ಟೀಚರು. ಇನ್ನೊಬ್ಬರು ಮೀನುಗಾರರ ಮನೆಯ ಗೃಹಿಣಿ. ಮೂರನೆಯವಳು ನಮ್ಮ ಕೈಯಲ್ಲೇ ನಾಲ್ಕನೇ ತರಗತಿ ಓದಿದ ಹುಡುಗಿ. ಮೂವರ ಸಂಗಡವೂ ಗಂಡಸರ ದಂಡು ಬಂದಿತ್ತು. ಪ್ರಶ್ನೆ ಕೇಳಿದೊಡನೆ ದಂಡಿನವರೇ ಉತ್ತರ ಕೊಡತೊಡಗಿದರು. "ಅಣ್ಣಾ, ಓಟು ನಿಮಗಲ್ಲವಲ್ಲ, ಟೀಚರು ಹೇಳಲಿ" ಎಂದು ನಮ್ಮ ಮನೆಯವರು ಬಾಗಿಲ ಬಳಿಯಿಂದ ಹೇಳಿದ ಮೇಲೆ ಸುಮ್ಮನಾದರು. ಈ ಉಪಾಯವನ್ನು ಓದುಗರೂ ಅನುಸರಿಸಬಹುದು.

ಕಡಲಕೊರೆತದ ಪ್ರಶ್ನೆ

ಟೀಚರು "ಗೋಡೆ ಕಟ್ಟಿಸಿಯೇ ತೀರುತ್ತೇವೆ" ಎಂದರು. ನಮ್ಮ ಶಿಷ್ಯೆ "ಎಂ.ಎಲ್.ಎ.ಯವರಲ್ಲಿ ಹೇಳುತ್ತೇನೆ, ಮಾಷ್ಟ್ರೇ" ಎಂದಳು. ಮೀನುಗಾರರ ಮನೆಯ ಅಕ್ಕ ಮಾತ್ರ, "ಗೋಡೆ ಕಟ್ಟಿದಲ್ಲಿ ನಮ್ಮ ದೋಣಿ ಎಳೆಯುವುದು ಎಲ್ಲಿ? ಅದು ಮುಗಿದ ಜಾಗದಲ್ಲಿ ಕಡಲು ಇನ್ನೂ ಹೆಚ್ಚು ತಿನ್ನುತ್ತದೆ" ಎಂದರು. ಓದಿ ಕಲಿತ ಮಾತಲ್ಲ ಅದು, ಕಂಡು ಕಲಿತದ್ದು. ಅದು ಸರಿಯಾದ ಮಾತೂ ಹೌದು.

ಮಳೆಗಾಲದ ದೊಡ್ಡ ತೆರೆಗಳು ದಂಡೆಯ ಮರಳನ್ನು ಕಡಲಿನೊಳಗೆ ಎಳೆದೊಯ್ಯುತ್ತವೆ. ಗಾಳಿ ಮಳೆ ನಿಂತ ಮೇಲೆ ಸಣ್ಣ ತೆರೆಗಳು ಅದೇ ಮರಳನ್ನು ಬಹುಮಟ್ಟಿಗೆ ಹಿಂದಕ್ಕೆ ತಂದು ಹಾಕುತ್ತವೆ. ಇದು ಕಡಲಿನ ವರುಷದ ಲೆಕ್ಕಾಚಾರ. ಇದಲ್ಲದೆ ದಂಡೆಯ ಉದ್ದಕ್ಕೂ ಮರಳು ಸಾಗುತ್ತಿರುತ್ತದೆ. ಬಂದರಿಗಾಗಿ ಕಡಲೊಳಗೆ ಕಲ್ಲಿನ ಅಲೆತಡೆ ಚಾಚಿದರೆ ಆ ಸಾಗಾಟಕ್ಕೆ ಅಡ್ಡಿಯಾಗಿ ಒಂದು ಮಗ್ಗುಲಲ್ಲಿ ಮರಳು ತುಂಬುವುದು, ಇನ್ನೊಂದು ಮಗ್ಗುಲಲ್ಲಿ ದಂಡೆ ಕೊರೆಯುವುದು. ಕಲ್ಲಿನ ಗೋಡೆಗೆ ಬಡಿದ ತೆರೆಯಾದರೋ ಅದರ ಬುಡದ ಮರಳನ್ನೇ ಕೆರೆದೊಯ್ಯುತ್ತದೆ. ಹೊಳೆಯಿಂದ ಮರಳು ಅಗೆದರೆ ಕಡಲಿಗೆ ಬಂದು ಸೇರುವ ಹೊಸ ಮರಳೇ ಕಡಿಮೆಯಾಗುತ್ತದೆ. ಆದುದರಿಂದ "ಗೋಡೆ ಬೇಕೆ ಬೇಡವೆ" ಎಂಬುದಷ್ಟೇ ಪ್ರಶ್ನೆಯಲ್ಲ. ಎಲ್ಲಿ, ಯಾವುದರ ಪಕ್ಕದಲ್ಲಿ, ಅಲ್ಲಿಂದ ಮುಂದಿನ ಮನೆಗಳ ಗತಿಯೇನು ಎಂಬುದು ಪ್ರಶ್ನೆ.

ಪಂಚಾಯತಿನಿಂದ ಆಗುವುದೇನು? ದಂಡೆಯ ಮರಳು ಕದಿಯುವುದನ್ನು ತಡೆಯಲು ಮುಂದಾಗುವುದು. ಕೇದಿಗೆ, ಅಡುಂಬು ಬಳ್ಳಿ ಮುಂತಾದ, ಮರಳು ಹಿಡಿದು ನಿಲ್ಲಿಸುವ ಗಿಡಗಳನ್ನು ಉಳಿಸುವುದು. ಅಳಿವೆಯ ಬದಿಯ ಕಾಂಡ್ಲಾ ಗಿಡ ಕಡಿಯಲು ಬಿಡದಿರುವುದು. ಇನ್ನೊಂದು ಸಂಗತಿಯಿದೆ. ಉಬ್ಬರದ ಗೆರೆಯಿಂದ 50 ಮೀಟರಿನೊಳಗೆ ವಾಸಿಸುವ ಮೀನುಗಾರ ಕುಟುಂಬಗಳು ತಾವಾಗಿ ಒಪ್ಪಿ ಬೇರೆಡೆಗೆ ಹೋಗುವುದಾದರೆ, ಜಾಗಕ್ಕೂ ಮನೆಗೂ ಸೇರಿ 10 ಲಕ್ಷ ರೂಪಾಯಿ ಕೊಡುವ 'ಪುನರ್ಗೇಹಂ' ಎಂಬ ಯೋಜನೆಯನ್ನು ರಾಜ್ಯ ಸರಕಾರ ತಂದಿತು. ಇಂಥವುಗಳ ಅರ್ಜಿ ತುಂಬಿಸಿ ಕೊಡುವ ಮೆಂಬರರು ಗೋಡೆಯ ಭರವಸೆ ಕೊಡುವವರಿಗಿಂತ ಮೇಲು.

ಉಪ್ಪು ನೀರಿನ ಪ್ರಶ್ನೆ

ಇದು ಬೇಸಾಯಗಾರರ ಮುಖ್ಯ ಪ್ರಶ್ನೆ. ಪಂಚಾಯತಿನ ಬುಟ್ಟಿಯಲ್ಲೇ ಇರುವುದು. ಮೂವರಲ್ಲಿ ಯಾರೂ ತಾವಾಗಿ ಇದನ್ನು ಎತ್ತಲಿಲ್ಲ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರು ಮಳೆ ಬೀಳುತ್ತದೆ. ಕೇರಳದ 44 ಹೊಳೆಗಳಲ್ಲಿ 12 ಈ ಒಂದೇ ಜಿಲ್ಲೆಯಲ್ಲಿವೆ. ಆದರೆ ಹೊಳೆಗಳು ಗಿಡ್ಡ, ಇಳಿಜಾರು ಹೆಚ್ಚು. ಮಂಜೇಶ್ವರ ಹೊಳೆಯಂತೂ 16 ಕಿಲೋಮೀಟರು ಮಾತ್ರ ಉದ್ದವಾಗಿದ್ದು ರಾಜ್ಯದಲ್ಲೇ ಅತಿ ಚಿಕ್ಕದು. ಬಿದ್ದ ಮಳೆ ಬೇಗನೆ ಕಡಲು ಸೇರಿ, ಮಳೆಗಾಲ ಕಳೆದ ಕೆಲವೇ ತಿಂಗಳುಗಳಲ್ಲಿ ಹೊಳೆಯ ಹರಿವು ಕುಗ್ಗುತ್ತದೆ. ಆಗ ಮೇಲಿನಿಂದ ಒತ್ತುವ ಸಿಹಿ ನೀರು ಇಲ್ಲದೆ, ದಿನಕ್ಕೆರಡು ಸಲದ ಉಬ್ಬರದಲ್ಲಿ ಕಡಲ ನೀರು ಅಳಿವೆಯಿಂದ ಒಳಗೆ ಏರುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಇನ್ನಷ್ಟು ಮೇಲಕ್ಕೆ ಬರುತ್ತದೆ. ಹೊಳೆಯ ತಳದ ಮರಳು ತೆಗೆದು ಗುಂಡಿ ಮಾಡಿದರೆ ಅದಕ್ಕೆ ಬಾಗಿಲು ತೆರೆದು ಕೊಟ್ಟಂತೆ.

ಇದನ್ನು ತಡೆಯಲು ನಮ್ಮ ಹಿರಿಯರು ಕಟ್ಟ ಕಟ್ಟುತ್ತಿದ್ದರು. ಹರಿವು ಕುಗ್ಗತೊಡಗಿದಾಗ, ಅಂದರೆ ನವೆಂಬರ ಡಿಸೆಂಬರದಲ್ಲಿ, ಕಲ್ಲು ಮಣ್ಣು ಹಾಕಿ ತೋಡನ್ನು ಕಟ್ಟುವುದು. ಮಳೆ ಹಿಡಿಯುವ ಮುಂಚೆ ಬಿಡಿಸುವುದು. ಒಳನಾಡಿನ ಏತಡ್ಕದಲ್ಲಿ ಒಂದರ ಮೇಲೊಂದು ಸಾಲಾಗಿ ಕಟ್ಟಗಳನ್ನು ಹಾಕಿ ಅಡಿಕೆ ತೋಟಗಳನ್ನು ಬದುಕಿಸಿಕೊಂಡ ವಿಚಾರ ಓದುಗರಿಗೆ ಗೊತ್ತಿರಬಹುದು. ಅಲ್ಲಿ ಕಟ್ಟ ನೀರು ನಿಲ್ಲಿಸುವುದಕ್ಕೆ. ಇಲ್ಲಿ ಉಪ್ಪನ್ನು ನಿಲ್ಲಿಸುವುದಕ್ಕೂ ಹೌದು. ಈಗ ಅನೇಕ ಕಡೆ ಕಿಂಡಿ ಅಣೆಕಟ್ಟುಗಳಿವೆ. ಕಂಬಗಳ ಗಾಡಿಯಲ್ಲಿ ಎರಡು ಸಾಲು ಹಲಗೆ ಇಳಿಸಿ ನಡುವೆ ಜೇಡಿ ಮಣ್ಣು ತುಂಬಬೇಕು. ಸಿಮೆಂಟಿನ ಕಂಬ ಐವತ್ತು ವರ್ಷ ನಿಲ್ಲಬಹುದು, ಹಲಗೆ ನಿಲ್ಲದು. ಅಣೆಕಟ್ಟಿನ ಉದ್ಘಾಟನೆಗೆ ಹತ್ತು ಮಂದಿ ಬರುತ್ತಾರೆ, ಹಲಗೆ ಇಳಿಸುವ ದಿನಕ್ಕೆ ಯಾರೂ ಬರುವುದಿಲ್ಲ. ನಷ್ಟವಾಗುವುದು ಅಲ್ಲಿಯೇ.

ದೊಡ್ಡ ಪ್ರಮಾಣದಲ್ಲಿ ಇದೇ ಕಥೆಯನ್ನು ಚಂದ್ರಗಿರಿ ಹೊಳೆಯಲ್ಲಿ ನೋಡಿದ್ದೇವೆ. ಕಾಸರಗೋಡು ಪಟ್ಟಣಕ್ಕೂ ಸುತ್ತಲಿನ ಪಂಚಾಯತುಗಳಿಗೂ ನೀರು ಕೊಡುವ ಬಾವಿಕ್ಕೆರೆಯಲ್ಲಿ ವರ್ಷ ವರ್ಷವೂ ತಾತ್ಕಾಲಿಕ ಕಟ್ಟವನ್ನೇ ನಂಬಬೇಕಾಗಿತ್ತು. ಅದು ಒಡೆದರೆ ಬೇಸಗೆಯಲ್ಲಿ ನಳದಲ್ಲಿ ಉಪ್ಪು ನೀರು. ಬಹುಕಾಲ ಎಳೆದಾಡಿದ ಶಾಶ್ವತ ಅಣೆಕಟ್ಟು 2021ರಲ್ಲಿ ಮುಗಿಯಿತು. ದೊಡ್ಡ ಹೊಳೆಗೆ ರಾಜ್ಯ ಬೇಕು. ಸಣ್ಣ ತೋಡಿಗೆ ಪಂಚಾಯತು ಸಾಕು.

ನಾವು ಮೂವರನ್ನೂ ಕೇಳಿದ್ದು ಒಂದೇ. "ಪ್ರತಿ ವರ್ಷ ಡಿಸೆಂಬರ ತಿಂಗಳೊಳಗೆ ಹಲಗೆ ಇಳಿಸುವ ಖರ್ಚನ್ನು ಪಂಚಾಯತಿನ ಯೋಜನೆಯಲ್ಲಿ ಸೇರಿಸುತ್ತೀರಾ?" ಟೀಚರು "ಅದೆಲ್ಲ ಸಣ್ಣ ವಿಷಯ, ಆಗುತ್ತದೆ" ಎಂದರು. ಅಕ್ಕ "ಅದು ನಮಗೆ ಗೊತ್ತಿಲ್ಲ, ಗದ್ದೆಯವರು ಬಂದು ಹೇಳಿದರೆ ಮಾಡಬಹುದು" ಎಂದರು. ಶಿಷ್ಯೆ ಪುಸ್ತಕ ತೆರೆದು "ಎಷ್ಟು ಹಲಗೆ, ಎಷ್ಟು ಉದ್ದ, ಮಾಷ್ಟ್ರೇ?" ಎಂದು ಕೇಳಿದಳು.

ಗದ್ದೆಗೆ ಉಪ್ಪು ಬಂದರೆ ಮಾಡತಕ್ಕದ್ದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಮಣ್ಣಿನ ವಿದ್ಯುದ್ವಾಹಕತೆ ಮೀಟರಿಗೆ 3 ಡೆಸಿಸೀಮನ್ಸ್ ದಾಟಿದರೆ ಭತ್ತದ ಇಳುವರಿ ಇಳಿಯತೊಡಗುತ್ತದೆ. ಕೃಷಿ ಭವನದ ಮೂಲಕ ಮಣ್ಣು ಪರೀಕ್ಷೆ ಮಾಡಿಸಬಹುದು. ಮಳೆಗಾಲದ ಮೊದಲ ನೀರನ್ನು ಗದ್ದೆಯಲ್ಲಿ ನಿಲ್ಲಿಸಿ, ಉಳುಮೆ ಮಾಡಿ, ಇಳಿತದ ಹೊತ್ತಿಗೆ ಹೊರಗೆ ಬಿಡಬೇಕು. ಹೀಗೆ ಎರಡು ಮೂರು ಸಲ ಮಾಡಿದರೆ ಉಪ್ಪು ತೊಳೆದು ಹೋಗುತ್ತದೆ. ಭತ್ತಕ್ಕೆ ಸಸಿಯಾಗಿರುವಾಗಲೂ ಹೂ ಬಿಡುವಾಗಲೂ ಉಪ್ಪು ಹೆಚ್ಚು ಕೇಡು. ತೆಂಗು ಸ್ವಲ್ಪ ಉಪ್ಪನ್ನು ತಾಳುತ್ತದೆ, ಅಡಿಕೆ ತಾಳದು. ಪ್ರತಿ ವರ್ಷ ಉಪ್ಪು ಏರುವ ತಗ್ಗು ಗದ್ದೆಗಳಿಗೆ ಉತ್ತರ ಕೇರಳದ ಕೈಪಾಡು ಬೇಸಾಯದ ಮಾದರಿಯಿದೆ. ಅದಕ್ಕೆಂದು ಕೇರಳ ಕೃಷಿ ವಿಶ್ವವಿದ್ಯಾಲಯವು ಏಳೋಂ 1, ಏಳೋಂ 2 ಎಂಬ ತಳಿಗಳನ್ನು 2010ರಲ್ಲಿ ಹೊರತಂದಿತು.

ಬಾವಿಯ ಪ್ರಶ್ನೆ

ಕಡಲತಡಿಯ ಬಾವಿಯ ಗುಟ್ಟನ್ನು ಮಕ್ಕಳಿಗೆ ಹೇಳುವಂತೆಯೇ ಹೇಳುತ್ತೇವೆ. ಕಡಲ ನೀರು ಸಿಹಿ ನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರ. ಆದುದರಿಂದ ನೆಲದೊಳಗೆ ಸಿಹಿ ನೀರು ಉಪ್ಪು ನೀರಿನ ಮೇಲೆ ತೇಲುತ್ತಿರುತ್ತದೆ. ಕಡಲ ಮಟ್ಟದಿಂದ ಒಂದು ಅಡಿ ಮೇಲಕ್ಕೆ ಸಿಹಿ ನೀರಿದ್ದರೆ, ಕೆಳಗೆ ಸುಮಾರು 40 ಅಡಿವರೆಗೆ ಸಿಹಿ ನೀರು ಇರಬಲ್ಲುದು. ಅಂದರೆ ಪಂಪಿನಿಂದ ಎಳೆದು ಮೇಲಿನ ಮಟ್ಟವನ್ನು ಒಂದು ಅಡಿ ಇಳಿಸಿದರೆ, ಕೆಳಗಿನ ಉಪ್ಪು ಕಾಲಕ್ರಮದಲ್ಲಿ 40 ಅಡಿ ಏರಿ ಬರಬಹುದು. ಒಬ್ಬರ ಕೊಳವೆ ಬಾವಿ ಹತ್ತು ಮನೆಯ ಬಾವಿಯನ್ನು ಕೆಡಿಸುವುದು ಹೀಗೆ. ಸಾಬೂನು ನೊರೆ ಬಾರದಿದ್ದರೆ, ಅನ್ನ ಚಪ್ಪರಿಸುವಾಗ ಉಪ್ಪೆನಿಸಿದರೆ, ಪರೀಕ್ಷೆ ಮಾಡಿಸಬೇಕು. ಕುಡಿಯುವ ನೀರಿನಲ್ಲಿ ಕ್ಲೋರೈಡು ಲೀಟರಿಗೆ 250 ಮಿಲಿಗ್ರಾಮಿನೊಳಗೆ ಇರುವುದು ಒಳ್ಳೆಯದು.

ಈ ಪ್ರಶ್ನೆಗೆ ಮೂವರೂ "ನಳದ ನೀರು ತರಿಸುತ್ತೇವೆ" ಎಂದರು. ನಳ ಬೇಕು, ನಿಜ. ಆದರೆ ಮೇಲಿನ ಪದವಿನ ಹಳೆಯ ಮದಕ ಹೂಳು ತುಂಬಿ ಆಟದ ಬಯಲಾಗುತ್ತಿದೆ. ಅದರ ಹೂಳು ತೆಗೆಸುವುದು ಪಂಚಾಯತಿನಿಂದ ಆಗುವ ಕೆಲಸ. ಮೇಲೆ ಇಂಗಿದ ನೀರೇ ಕೆಳಗೆ ಉಪ್ಪನ್ನು ಒತ್ತಿ ಹಿಡಿಯುವುದು. ಇದನ್ನು ಹೇಳಿದಾಗ ಟೀಚರು, "ನಾನು ಚಿಕ್ಕವಳಿದ್ದಾಗ ಅಲ್ಲಿ ಎಮ್ಮೆಗಳು ಈಜುತ್ತಿದ್ದವು" ಎಂದು ನೆನಪಿಸಿಕೊಂಡು, ಆ ಕೆಲಸವನ್ನು ತಾವು ಮಾಡಿಸುವುದಾಗಿ ಒಪ್ಪಿದರು.

ಗದ್ದೆ ತುಂಬಿಸುವ ಪ್ರಶ್ನೆ

ಉಪ್ಪು ಬಂದು ಹಡಿಲು ಬಿದ್ದ ಗದ್ದೆಗೆ ಮೊದಲು ಬರುವುದು ಮಣ್ಣಿನ ಲಾರಿ. 2008ರಲ್ಲಿ ಕೇರಳದಲ್ಲಿ ಭತ್ತದ ಗದ್ದೆ ಹಾಗೂ ಜೌಗು ಭೂಮಿ ಸಂರಕ್ಷಣೆಯ ಕಾಯಿದೆ ಬಂತು. ಅದರಂತೆ ಪ್ರತಿ ಪಂಚಾಯತಿನಲ್ಲಿ ಒಂದು ಸ್ಥಳೀಯ ಸಮಿತಿಯಿದೆ. ಅಧ್ಯಕ್ಷರು ಪಂಚಾಯತು ಅಧ್ಯಕ್ಷರೇ. ಕೃಷಿ ಅಧಿಕಾರಿ ಸಂಚಾಲಕರು. ಗ್ರಾಮಾಧಿಕಾರಿಯೂ ಮೂವರು ರೈತರೂ ಅದರಲ್ಲಿರುತ್ತಾರೆ. ಬೇರೆ ಜಾಗವಿಲ್ಲದವರು ಸ್ವಂತ ಮನೆ ಕಟ್ಟಲು ಪಂಚಾಯತಿನಲ್ಲಿ 10 ಸೆಂಟ್ಸಿನವರೆಗೆ, ನಗರದಲ್ಲಿ 5 ಸೆಂಟ್ಸಿನವರೆಗೆ ಮಾತ್ರ ಗದ್ದೆ ತುಂಬಿಸಲು ಈ ಸಮಿತಿ ಶಿಫಾರಸು ಮಾಡಬಹುದು. ಒಬ್ಬರು ತುಂಬಿಸಿದರೆ ಪಕ್ಕದ ಗದ್ದೆಯ ನೀರಿನ ದಾರಿ ಕಟ್ಟುತ್ತದೆಂಬುದನ್ನು ಬೇಸಾಯಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ.

"ನಿಮ್ಮ ಪಕ್ಷದವರೇ ತುಂಬಿಸಲು ಬಂದರೆ?" ಎಂದು ಕೇಳಿದೆವು. ಒಬ್ಬರು ನಕ್ಕರು, ಒಬ್ಬರು ಮಾತು ಬದಲಿಸಿದರು, ಒಬ್ಬರು ಹಿಂದೆ ನಿಂತವರ ಮುಖ ನೋಡಿದರು. ಯಾರು ಏನು ಮಾಡಿದರೆಂದು ಬರೆಯುವುದಿಲ್ಲ. ಈ ಪ್ರಶ್ನೆಗೆ ಮಾತ್ರ ನಮ್ಮ ಪುಸ್ತಕದಲ್ಲಿ ಉತ್ತರವಿಲ್ಲ.

ಕಡಲ ಬದಿಯಲ್ಲಿ ಮನೆ ಕಟ್ಟುವವರಿಗೆ ಇನ್ನೊಂದು ತೊಡಕು ಕರಾವಳಿ ನಿಯಂತ್ರಣದ ಅಧಿಸೂಚನೆ. ಇದು ಕೇಂದ್ರ ಸರಕಾರದ್ದು. 1991ರಲ್ಲಿ ಮೊದಲು ಬಂದು 2011ರಲ್ಲಿಯೂ 2019ರಲ್ಲಿಯೂ ಹೊಸದಾಯಿತು. 2019ರ ಪ್ರಕಾರ, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಗ್ರಾಮ ಪ್ರದೇಶದಲ್ಲಿ ಉಬ್ಬರದ ಗೆರೆಯಿಂದ 50 ಮೀಟರು, ಅದಕ್ಕಿಂತ ಕಡಿಮೆ ಜನರಿರುವಲ್ಲಿ 200 ಮೀಟರು ಹೊಸ ಕಟ್ಟಡಕ್ಕೆ ನಿಷಿದ್ಧ. "ಪರವಾನಿಗೆ ನಾನು ಕೊಡಿಸುತ್ತೇನೆ" ಎನ್ನುವ ಯಾವ ಉಮೇದುವಾರರನ್ನೂ ಈ ವಿಷಯದಲ್ಲಿ ನಂಬಬಾರದು. ಆದರೆ ನಿಮ್ಮ ಜಾಗ ಯಾವ ವಲಯದಲ್ಲಿದೆಯೆಂದು ನಕ್ಷೆ ನೋಡಿ ತಿಳಿಸಿ ಎಂದು ಕೇಳಬಹುದು.

ಗ್ರಾಮ ಸಭೆ

ಮೂವರಲ್ಲಿ ಒಬ್ಬರು ಗೆದ್ದರು. ಯಾರೆಂಬುದು ಈ ಲೇಖನಕ್ಕೆ ಬೇಡ. ಗೆದ್ದವರಿಗೂ ಸೋತ ಇಬ್ಬರಿಗೂ ನಾವು ಬರೆದುಕೊಂಡ ಮಾತುಗಳ ಒಂದೊಂದು ಪ್ರತಿಯನ್ನು ಕೊಟ್ಟೆವು.

ಓಟು ಹಾಕುವುದು ಬಿತ್ತನೆ ಮಾತ್ರ. ಕಳೆ ಕೀಳುವುದು ಗ್ರಾಮ ಸಭೆಯಲ್ಲಿ. ಕೇರಳದಲ್ಲಿ ಪ್ರತಿಯೊಂದು ವಾರ್ಡಿಗೂ ಅದರದೇ ಗ್ರಾಮ ಸಭೆಯಿದೆ. ವಾರ್ಡಿನ ಮತದಾರರೆಲ್ಲರೂ ಸದಸ್ಯರು, ಮೆಂಬರರೇ ಸಂಚಾಲಕರು. ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಬಂದರೆ ಸಭೆ ಸಿಂಧು. 1,200 ಮತದಾರರಿದ್ದರೆ 120 ಮಂದಿ. ಆ 120 ಮಂದಿಯಲ್ಲಿ ಬೇಸಾಯಗಾರರು ಎಷ್ಟಿರುತ್ತಾರೆ? ನಮ್ಮ ಹಲಗೆಗಳು ಮುರಿದ ವರ್ಷದ ಸಭೆಗೆ ಆ ಬೈಲಿನ ಏಳು ಮನೆಗಳಿಂದ ಹೋದವರು ಒಬ್ಬರೇ, ಅದೂ ಮನೆ ದುರಸ್ತಿಯ ಅರ್ಜಿ ಕೊಡಲು. ನಾವೂ ಹೋಗಿರಲಿಲ್ಲ. ಅಂದು ಹಲಗೆಯ ಮಾತನ್ನು ಎತ್ತಿ ನಡಾವಳಿಯಲ್ಲಿ ಬರೆಸಿದ್ದರೆ ಸುಗ್ಗಿ ಬೆಳೆ ಉಳಿಯುತ್ತಿತ್ತೇನೋ.

ಭಾಷೆಯ ಸಂಕೋಚದಿಂದ ಸಭೆಗೆ ಹೋಗದವರೂ ನಮ್ಮಲ್ಲಿದ್ದಾರೆ. ರಾಜ್ಯಾಂಗದ 350ನೇ ವಿಧಿಯಂತೆ ಯಾವನೇ ಪ್ರಜೆ ತನ್ನ ಕುಂದುಕೊರತೆಯ ಅರ್ಜಿಯನ್ನು ದೇಶದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಬರೆಯಬಹುದು. ಕನ್ನಡದಲ್ಲಿ ಬರೆದ ಅರ್ಜಿ ಅರ್ಜಿಯೇ. ಸಭೆಯ ನೋಟೀಸು ಕನ್ನಡದಲ್ಲಿಯೂ ಬರಬೇಕೆಂದು ಕೇಳಿದಾಗ ಮೂವರೂ ತಡೆಯಿಲ್ಲದೆ ಒಪ್ಪಿದರು. ಮಲೆಯಾಳ ಮಾತ್ರ ಓದಬಲ್ಲ ನೆರೆಯವರಿಗೂ ಕನ್ನಡ ಮಾತ್ರ ಓದಬಲ್ಲವರಿಗೂ ಒಂದೇ ದಿನ ಒಂದೇ ಸುದ್ದಿ ಸಿಕ್ಕುವುದರಲ್ಲಿ ಯಾರಿಗೂ ನಷ್ಟವಿಲ್ಲ.

ಬೇಸಾಯಗಾರರು ಮಾಡತಕ್ಕದ್ದು

1. ನಿಮ್ಮ ಬೈಲಿನ ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಎಣಿಸಿ, ಅಳೆದು, ಕೆಟ್ಟವೆಷ್ಟೆಂದು ಕಾಗದದಲ್ಲಿ ಬರೆದು ಬೈಲಿನವರೆಲ್ಲರೂ ರುಜು ಹಾಕಿರಿ.

2. ಆ ಕಾಗದವನ್ನು ಗ್ರಾಮ ಸಭೆಯಲ್ಲಿ ಕೊಟ್ಟು, ನಡಾವಳಿ ಪುಸ್ತಕದಲ್ಲಿ ಬರೆದುದನ್ನು ಕಣ್ಣಾರೆ ನೋಡಿಯೇ ಹಿಂದಿರುಗಿರಿ. ಬಾಯಿಮಾತಿನ ಭರವಸೆಗೆ ಹಣ ಮಂಜೂರಾಗುವುದಿಲ್ಲ.

3. ಬೇಸಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಅಮಾವಾಸ್ಯೆ ಹುಣ್ಣಿಮೆಗಳಂದು, ಬಾವಿಯ ನೀರಿನ ಮಟ್ಟವನ್ನೂ ರುಚಿಯನ್ನೂ ಬರೆದಿಡಿರಿ. ಶಾಲೆಯ ಮಕ್ಕಳು ಈ ಕೆಲಸವನ್ನು ಸಂತೋಷದಿಂದ ಮಾಡುತ್ತಾರೆ.

4. ರಾಜ್ಯಕ್ಕೂ ಕೇಂದ್ರಕ್ಕೂ ಸೇರಿದ ವಿಷಯವಿದ್ದರೆ, ಪಂಚಾಯತಿನಿಂದ ನಿರ್ಣಯ ಮಾಡಿಸಿ ಕಳುಹಿಸಲು ಹೇಳಿ, ಅದರ ಪ್ರತಿಯನ್ನು ಕೇಳಿ ಪಡೆಯಿರಿ.

5. ಉಮೇದುವಾರರು ಆಡಿದ ಮಾತನ್ನು ತಾರೀಕು ಹಾಕಿ ಬರೆದಿಡಿರಿ. ಐದು ವರ್ಷದಲ್ಲಿ ನೆನಪು ಮಾಸುತ್ತದೆ, ಬರಹ ಮಾಸುವುದಿಲ್ಲ.

ನಮ್ಮ ಬೈಲಿನ ಹಲಗೆಗಳು ಒಟ್ಟು 44. ಅವುಗಳಲ್ಲಿ 17 ಕೆಟ್ಟಿವೆ. ಉದ್ದ ಏಳು ಅಡಿ, ಅಗಲ ಒಂದು ಅಡಿ. ಏಳು ಮನೆಯವರ ರುಜುಗಳೂ ಬಿದ್ದಿವೆ. ಬೇಸಾಯ ಬಿಟ್ಟಿದ್ದ ಎರಡು ಮನೆಗಳಲ್ಲಿ ಒಂದು ಮನೆಯವರು ರುಜು ಹಾಕುವಾಗ, "ಹಲಗೆ ಬಂದರೆ ನಾನೂ ಮುಂದಿನ ಸುಗ್ಗಿಗೆ ಬೀಜ ಹಾಕಿ ನೋಡುತ್ತೇನೆ, ಮಾಷ್ಟ್ರೇ" ಎಂದಿದ್ದಾರೆ. ಗ್ರಾಮ ಸಭೆಗೆ ಈ ಸಲ ಏಳು ಮನೆಯವರೂ ಒಟ್ಟಿಗೆ ಹೋಗುವುದೆಂದು ನಿಶ್ಚಯವಾಗಿದೆ.